ಎರಡನೇ ಬೆರಳಿನ ಹಿಂದೆ

ಕೂತುಕೋ ಜಿಸ್ನಾ, ಆ ಮೆಟ್ಟಿಲ ಮೇಲೆ.
ಬೂಟು ಬಿಚ್ಚು. ಕಾಲುಚೀಲವನ್ನೂ.
ಚಾರ್ಟು ಆಮೇಲೆ ನೋಡೋಣ.
ವಾರಕ್ಕೆ ಮೂವತ್ತಿದ್ದದ್ದನ್ನು ನಲವತ್ತೈದು ಮಾಡಿ ತಂದಿದ್ದೀಯ,
ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು.
ರಾತ್ರಿ ಬೆಳಗಾಗುವುದರಲ್ಲಿ ಉಬ್ಬಲು
ಕಿಲೋಮೀಟರು ಅಂದರೆ ನಿಮ್ಮಪ್ಪನ ಬೇಕರಿಯ ಹಿಟ್ಟೇ?

ಮೊದಲು ಪಾದ.

ಬೆಳಿಗ್ಗೆ ಮಂಚದಿಂದ ಇಳಿದಾಗ
ಮೊದಲ ಹೆಜ್ಜೆ ಹೇಗಿತ್ತು?
ಏನಿಲ್ಲ ಅಂತ ತಲೆಯಾಡಿಸಬೇಡ,
ಏನಿಲ್ಲದವರು ನೆಲ ನೋಡುತ್ತ ಉತ್ತರಿಸುವುದಿಲ್ಲ.
ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆಗೆ ಸಡಿಲಾಯಿತೇ?
ಓಡುತ್ತ ಓಡುತ್ತ ಕರಗುವ ನೋವು ಒಂದು ಜಾತಿ,
ಓಡಿದಷ್ಟೂ ಬೆಳೆಯುವುದು ಇನ್ನೊಂದು.
ಮೊದಲನೆಯದರ ಜೊತೆ ಮಾತುಕತೆಗೆ ಕೂರಬಹುದು.
ಎರಡನೆಯದು ಕೇಳಿಸಿಕೊಳ್ಳುವುದಿಲ್ಲ,
ಹೇಳುತ್ತದೆ, ಅಷ್ಟೆ.

ಬಲಗಾಲು ಕೊಡು.
ಅದು ಚೆನ್ನಾಗಿದೆ, ಗೊತ್ತು. ಅದರಿಂದಲೇ ಶುರು.
ನಿನ್ನ ನೆಮ್ಮದಿ ಹೇಗಿರುತ್ತದೆಂದು
ನನ್ನ ಹೆಬ್ಬೆರಳಿಗೆ ಮೊದಲು ತಿಳಿಯಲಿ.

ಈಗ ಎಡ.
ಹಿಮ್ಮಡಿ, ಇಲ್ಲ.
ಅಂಗಾಲಿನ ಕಮಾನು, ಇಲ್ಲ.
ಕಣಕಾಲಿನ ಮುಂದೆ, ಪಾದದ ನೆತ್ತಿ? ಇಲ್ಲ. ಬದುಕಿದೆ,
ಅಲ್ಲಿ ನೋವೆಂದಿದ್ದರೆ ನಿದ್ದೆ ನನಗೆ ಬರುತ್ತಿರಲಿಲ್ಲ.
ಇನ್ನು ಒಂದೊಂದೇ ಮೂಳೆ, ಮೇಲಿನಿಂದ ಕೆಳಕ್ಕೆ,
ಕಾಫಿ ಕುಯ್ಯುವವರ ಬೆರಳು ಎಲೆಯ ಮರೆಯಲ್ಲಿ
ಹಣ್ಣು ಯಾವುದು, ಕಾಯಿ ಯಾವುದು ಎಂದು
ನೋಡದೆ ತಿಳಿಯುವ ಹಾಗೆ.

ಎರಡನೇ ಬೆರಳಿನ ಹಿಂದೆ
ಒಂದು ರೂಪಾಯಿಯಷ್ಟೂ ಇಲ್ಲದ ಜಾಗ.

ನೀನು ಏನೂ ಹೇಳಲಿಲ್ಲ.
ಕಂಬಿ ಹಿಡಿದ ಕೈ ಹೇಳಿತು.

ಒಂಟಿ ಕಾಲಲ್ಲಿ ಕುಪ್ಪಳಿಸು ಅನ್ನುವವಳಿದ್ದೆ, ಈಗ ಬೇಡ.
ಬೂಟು ಇತ್ತ ತಾ.
ಹೋದ ಓಣಂಗೆ ಕೊಂಡದ್ದಲ್ಲವೇ? ಹೊರ ಅಂಚು ಕಾಗದವಾಗಿದೆ.
ಆರೂವರೆಯವರೆಗೆ ಆನೆಗೆ ರಸ್ತೆ ಬಿಟ್ಟು,
ಸ್ಕೂಲಿನ ಜೀಪು ಬರುವುದರೊಳಗೆ ಎಲ್ಲ ಮುಗಿಸಲು
ಕರಡಿಗೋಡಿನ ಇಳಿಜಾರಲ್ಲಿ ಕಲ್ಲಿನಂತೆ ಉರುಳುತ್ತೀಯ.
ನೋಡಿದವರಿದ್ದಾರೆ.

ಇನ್ನೊಂದು ಪ್ರಶ್ನೆ. ಮೆಲ್ಲಗೆ ಕೇಳುತ್ತೇನೆ,
ಅಲ್ಲಿ ಬಾಸ್ಕೆಟ್‌ಬಾಲ್ ಹುಡುಗರಿದ್ದಾರೆ.
ತಿಂಗಳು ಸರಿಯಾಗಿ ಆಗುತ್ತಿದೆಯೇ?

ಎಷ್ಟು ತಿಂಗಳಾಯಿತು?

ಅಲ್ಲ, ಬೈಯುತ್ತಿಲ್ಲ.
ಬೇಕರಿಯ ಮಗಳು ಬನ್ನು ಮುಟ್ಟುವುದಿಲ್ಲವೆಂದು
ನಿಮ್ಮಮ್ಮ ನಗುತ್ತ ಹೇಳಿದಾಗ ನಾನೂ ನಕ್ಕಿದ್ದೆ.
ಆ ನಗು ನನ್ನ ತಪ್ಪು.
ಹಗುರಾದರೆ ವೇಗ ಎಂದು ಯಾರೋ ಹೇಳಿರಬೇಕು.
ಮೂಳೆಗೂ ಹಸಿವಾಗುತ್ತದೆ, ಮಗಳೇ,
ಅದು ಕೂಗುವುದು ತಡವಾಗಿ.

ಅರಣ್ಯ ಇಲಾಖೆಯ ಮೆಸೇಜು ಬರುತ್ತದಲ್ಲ,
ಇಂಥ ತೋಟದಲ್ಲಿ ಮೂರು ಆನೆ, ಒಂದು ಮರಿ, ಹೊರಗೆ ಬರಬೇಡಿ.
ಮೆಸೇಜು ಅಳಿಸಿದ್ದಕ್ಕೆ
ಆನೆ ಹೋಗಿಬಿಡುತ್ತದೆಯೇ?
ಇವತ್ತಿನ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು.
ಕಾಫಿ ಗಿಡಗಳ ನಡುವೆ
ಅಷ್ಟು ದೊಡ್ಡ ಆನೆಯೇ ಕಾಣುವುದಿಲ್ಲ.
ಎರಡು ವಾರ ಬಿಟ್ಟು ಮತ್ತೆ ತೆಗೆಸೋಣ.
ಅಲ್ಲಿಯವರೆಗೆ ಓಟವಿಲ್ಲ.
ಡಿಸೆಂಬರು ತನ್ನ ಪಾಡಿಗೆ ಬರಲಿ.

ನನ್ನದೇ? ಬಲಗಾಲು, ಮೂರನೆಯದು.
ಹತ್ತೊಂಬತ್ತು ವಯಸ್ಸು. ಕೋಚು ಗಡಿಯಾರ ನೋಡುತ್ತಿದ್ದರು.
ಯಾರೂ ಒತ್ತಿ ನೋಡಲಿಲ್ಲ.

ಕೆಂಪು ಶಾಯಿ ಅಳಿಸಲು ಬರುವುದಿಲ್ಲ.
ಚಾರ್ಟು ಮಗುಚು. ಹಿಂಬದಿ ಖಾಲಿಯಿದೆ.
ಪೆನ್ಸಿಲ್ಲಿನಲ್ಲಿ ಬರಿ: ಸೋಮವಾರ, ಊಟ.
ಮಂಗಳವಾರ, ಊಟ.
ನಗಬೇಡ, ಬರಿ.

ಬೂಟಿನ ಲೇಸು ಸಡಿಲವಿರಲಿ.
ಮಡಿಕೇರಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ.
ಸ್ಟ್ಯಾಂಡಿನವರೆಗೆ ಆಟೋ ಹಿಡಿಯೋಣ.
ಗೊತ್ತು, ನಾನೂರು ಮೀಟರು ಅಷ್ಟೇ.
ನಿನಗೆ ಒಂದು ನಿಮಿಷದ ದಾರಿ.
ಇವತ್ತು ಆಟೋ.